ಮಳೆಗಾಲದಲ್ಲಿ ಕಂಪೈಲ್: ಮೊದಲು ನೆಟ್ಟಿನ ಕೆಲಸ, ಆಮೇಲೆ ಕರೆಂಟಿನ ಕೆಲಸ

ಜೂನ್ ಹಿಡಿಯಿತೆಂದರೆ ನಮ್ಮ ಶಾಂತಳ್ಳಿ ಕಡೆ ಕರೆಂಟು, ನೆಟ್ಟು ಎರಡೂ ಒಟ್ಟಿಗೆ ಸಿಗುವುದು ಅಪರೂಪ. ಸಿಲ್ವರ್ ಓಕ್ ಕೊಂಬೆಯೊಂದು ಲೈನಿನ ಮೇಲೆ ಬಿದ್ದರೆ ಸಾಕು, ಕರೆಂಟು ಹೋಯಿತು. ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಖಾಲಿ. ಆದ್ದರಿಂದ ಸೋರ್ಸ್‌ನಿಂದ ಸಾಫ್ಟ್‌ವೇರ್ ಬಿಲ್ಡ್ ಮಾಡುವವರು, ಅಂದರೆ ಮೂಲ ಕೋಡನ್ನು ಓಡುವ ಪ್ರೋಗ್ರಾಮಾಗಿ ತಾವೇ ಕಂಪೈಲ್ ಮಾಡಿಕೊಳ್ಳುವವರು, ಇಲ್ಲಿ ಕೆಲಸವನ್ನು ಎರಡು ಭಾಗ ಮಾಡಿಕೊಳ್ಳಬೇಕು. ನೆಟ್ಟು ಬೇಕಾದ್ದೆಲ್ಲ ಸೋಮವಾರಪೇಟೆಗೆ ಇಳಿದ ದಿನವೇ ಮುಗಿಯಬೇಕು. ಉಳಿದದ್ದು ಮನೆಯಲ್ಲಿ, ಕರೆಂಟು ಇದ್ದಾಗ.

ನಾನು ಹೇಳುತ್ತಿರುವುದು ಡೆಬಿಯನ್ 12 ಎಂಬ ಲಿನಕ್ಸ್ ಹಾಕಿದ ಹಳೇ ಲ್ಯಾಪ್‌ಟಾಪಿನ ಲೆಕ್ಕ. ಉದಾಹರಣೆಗೆ ಎಫ್‌ಎಫ್‌ಎಂಪೆಗ್ ಹಿಡಿಯೋಣ, ವಿಡಿಯೊ, ಆಡಿಯೊ ಪರಿವರ್ತಿಸುವ ಪ್ರೋಗ್ರಾಮು ಅದು. ಡೆಬಿಯನ್ 12ರ ಜೊತೆ ಬರುವುದು ಅದರ 5.1 ಆವೃತ್ತಿ, ಹೊಸದು ಬೇಕೆಂದರೆ ನಾವೇ ಕಂಪೈಲ್ ಮಾಡಬೇಕು. ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ.

ಪೇಟೆಯಲ್ಲಿ ಕೂತಾಗ:

ಸುಡೋ ಆಪ್ಟ್ ಅಪ್‌ಡೇಟ್
ಸುಡೋ ಆಪ್ಟ್ ಇನ್‌ಸ್ಟಾಲ್ -ಡಿ ಬಿಲ್ಡ್-ಎಸೆನ್ಶಿಯಲ್ ನ್ಯಾಸ್ಮ್ ಪಿಕೆಜಿ-ಕಾನ್ಫಿಗ್ ಸಿಕ್ಯಾಶ್ ಲಿಬ್‌ಎಕ್ಸ್264-ಡೆವ್

ಆಪ್ಟ್ ಅಂದರೆ ಡೆಬಿಯನ್‌ನಲ್ಲಿ ಪ್ಯಾಕೇಜು ಇಳಿಸಿ ಹಾಕುವ ಸಾಧನ, ಸುಡೋ ಅಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಎಂದು. '-ಡಿ' ಅಂದರೆ ಇಳಿಸಿಕೋ, ಹಾಕಬೇಡ ಎಂದು. ಪ್ಯಾಕೇಜುಗಳು ಆಪ್ಟ್‌ನ ಕ್ಯಾಶ್‌ನಲ್ಲಿ ಕೂತಿರುತ್ತವೆ. ಮನೆಗೆ ಬಂದು ಅದೇ ಕಮಾಂಡನ್ನು '-ಡಿ' ಇಲ್ಲದೆ ಕೊಟ್ಟರೆ ನೆಟ್ಟಿಲ್ಲದೆಯೂ ಇನ್‌ಸ್ಟಾಲ್ ಆಗುತ್ತದೆ. ಬಿಲ್ಡ್-ಎಸೆನ್ಶಿಯಲ್ ಒಂದರಲ್ಲೇ ಜಿಸಿಸಿ, ಜಿ++ ಎಂಬ ಕಂಪೈಲರುಗಳು, ಕಂಪೈಲ್ ಕೆಲಸ ನಡೆಸುವ ಮೇಕ್ ಎಲ್ಲ ಬರುತ್ತವೆ. ನ್ಯಾಸ್ಮ್ ಒಂದು ಅಸೆಂಬ್ಲರ್, ಪಿಕೆಜಿ-ಕಾನ್ಫಿಗ್ ಲೈಬ್ರರಿಗಳನ್ನು ಹುಡುಕಿಕೊಡುವುದು, ಸಿಕ್ಯಾಶ್ ಹಿಂದೆ ಕಂಪೈಲ್ ಆದದ್ದನ್ನು ಎತ್ತಿಡುವುದು, ಎಕ್ಸ್264 ವಿಡಿಯೊ ಎನ್‌ಕೋಡ್ ಮಾಡುವ ಲೈಬ್ರರಿ. 'ಆಪ್ಟ್ ಬಿಲ್ಡ್-ಡೆಪ್ ಎಫ್‌ಎಫ್‌ಎಂಪೆಗ್' ಕೊಟ್ಟರೆ ಸುಲಭ ಅನ್ನುವವರಿದ್ದಾರೆ. ಡೆಬಿಯನ್‌ನವರು ಸೇರಿಸುವ ಎಲ್ಲ ಲೈಬ್ರರಿಗಳೂ ಬೇಕೆನ್ನುವವರಿಗೆ ಅದು ಸರಿ. ಮೊಬೈಲ್ ಡೇಟಾದಲ್ಲಿ ಇಳಿಸುವವರಿಗೆ ಅಲ್ಲ, ಮಾರಾಯ್ರೇ.

ಸೋರ್ಸ್ ಟಾರ್‌ಬಾಲನ್ನು (ಕೋಡನ್ನೆಲ್ಲ ಒಂದೇ ಗಂಟು ಕಟ್ಟಿದ ಫೈಲು) 'ಡಬ್ಲ್ಯೂಗೆಟ್ -ಸಿ' ಎಂದೇ ಇಳಿಸಿ, ಲೈನು ಕಡಿದರೂ ನಿಂತಲ್ಲಿಂದ ಮುಂದುವರಿಯುತ್ತದೆ. ಬಸ್ ಹತ್ತುವ ಮೊದಲು 'ಎಕ್ಸ್‌ಜೆಡ್ -ಟಿ' ಕೊಟ್ಟು ಫೈಲು ಪೂರ್ತಿ ಬಂದಿದೆಯೇ ನೋಡಿ. ಏನೂ ಹೇಳದೆ ಸುಮ್ಮನಾದರೆ ಫೈಲು ಸರಿಯಿದೆ.

ಮನೆಯಲ್ಲಿ ಟಾರ್‌ಬಾಲ್ ಬಿಚ್ಚಿ, ಒಳಗೆ ಹೋಗಿ:

./ಕಾನ್ಫಿಗರ್ --ಪ್ರಿಫಿಕ್ಸ್=$ಹೋಮ್/ಆಪ್ಸ್/ಎಫ್‌ಎಫ್‌ಎಂಪೆಗ್-ಹೊಸದು --ಎನೇಬಲ್-ಜಿಪಿಎಲ್ --ಎನೇಬಲ್-ಲಿಬ್‌ಎಕ್ಸ್264 --ಸಿಸಿ="ಸಿಕ್ಯಾಶ್ ಜಿಸಿಸಿ"

ಕಾನ್ಫಿಗರ್ ಬೇಕಾದ್ದೆಲ್ಲ ಇದೆಯೇ ನೋಡಿ ಬಿಲ್ಡಿಗೆ ಸಿದ್ಧಮಾಡುತ್ತದೆ, ಪ್ರಿಫಿಕ್ಸ್ ಎಂದರೆ ಇನ್‌ಸ್ಟಾಲ್ ಆಗಬೇಕಾದ ಫೋಲ್ಡರ್. ಎಕ್ಸ್264 ಜಿಪಿಎಲ್ ಪರವಾನಗಿಯದು, ಅದಕ್ಕೇ ಆ ಎನೇಬಲ್-ಜಿಪಿಎಲ್. ಬಿಟ್ಟರೆ ಕಾನ್ಫಿಗರ್ ಮುಂದೆ ಹೋಗುವುದಿಲ್ಲ. ನ್ಯಾಸ್ಮ್ ಇಲ್ಲದಿದ್ದರೂ ಅಲ್ಲೇ ನಿಲ್ಲುತ್ತದೆ. 'ನಾಟ್ ಫೌಂಡ್ ಯೂಸಿಂಗ್ ಪಿಕೆಜಿ-ಕಾನ್ಫಿಗ್' ಎಂದು ಬಂದರೆ ಹೆಚ್ಚಾಗಿ ಆ ಲೈಬ್ರರಿಯ '-ಡೆವ್' (ಕಂಪೈಲಿಗೆ ಬೇಕಾದ) ಪ್ಯಾಕೇಜು ಹಾಕಿಲ್ಲವೆಂದೇ ಅರ್ಥ. ಪೂರ್ತಿ ಕಾರಣ ಎಫ್‌ಎಫ್‌ಬಿಲ್ಡ್ ಫೋಲ್ಡರಿನ ಕಾನ್ಫಿಗ್.ಲಾಗ್‌ನಲ್ಲಿ, ಕೊನೆಯ ಸಾಲುಗಳಲ್ಲಿ ಇರುತ್ತದೆ. ಪೇಟೆಯಲ್ಲಿರುವಾಗಲೇ ಪ್ಯಾಕೇಜು ಹಾಕಿ, ಕಾನ್ಫಿಗರ್ ಓಡಿಸಿ ನೋಡುವುದು ಎಲ್ಲಕ್ಕಿಂತ ಜಾಣತನ. ಏನಾದರೂ ಕಮ್ಮಿಯಿದ್ದರೆ ಅಲ್ಲೇ ಇಳಿಸಿಕೊಳ್ಳಬಹುದು.

ಇನ್ನು 'ಮೇಕ್ -ಜೆ2', ಅಂದರೆ ಒಮ್ಮೆಗೆ ಎರಡು ಕೆಲಸ. ಇರುವ ಕೋರುಗಳನ್ನೆಲ್ಲ ದುಡಿಸಿದರೆ ಬ್ಯಾಟರಿ ಬೇಗ ಇಳಿಯುತ್ತದೆ, ಅದಕ್ಕೇ ನಾನು ಎರಡಕ್ಕೆ ನಿಲ್ಲಿಸುತ್ತೇನೆ.

ನಡುವೆ ಕರೆಂಟು ಹೋದರೆ? ಬ್ಯಾಟರಿ ಇನ್ನೂ ಇದ್ದರೆ ಕಂಟ್ರೋಲ್-ಸಿ ಒತ್ತಿ. ಅರ್ಧ ಆಗಿದ್ದ ಫೈಲನ್ನು ಮೇಕ್ ತಾನೇ ಅಳಿಸಿ ಹೊರಬರುತ್ತದೆ, ಆಮೇಲೆ ಮತ್ತೆ 'ಮೇಕ್' ಎಂದರೆ ಉಳಿದದ್ದು ಮಾತ್ರ ಮಾಡುತ್ತದೆ. ತೊಂದರೆ ಇರುವುದು ಬ್ಯಾಟರಿ ಸತ್ತ ಲ್ಯಾಪ್‌ಟಾಪು, ಯುಪಿಎಸ್ ಇಲ್ಲದ ಡೆಸ್ಕ್‌ಟಾಪುಗಳಲ್ಲಿ. ಮೇಕ್ ನೋಡುವುದು ಫೈಲಿನ ಸಮಯವನ್ನು ಮಾತ್ರ, ಒಳಗೇನಿದೆ ಎಂದಲ್ಲ. ದಿಢೀರನೆ ಯಂತ್ರ ಆರಿದಾಗ ಡಿಸ್ಕಿಗೆ ಇನ್ನೂ ಬರೆಯದ '.ಒ' ಫೈಲುಗಳು (ಒಂದೊಂದು ಸೋರ್ಸ್ ಫೈಲನ್ನು ಕಂಪೈಲ್ ಮಾಡಿದ ತುಂಡುಗಳು) ಸೊನ್ನೆ ಬೈಟಿನಲ್ಲೇ ಉಳಿಯಬಹುದು. ಸೋರ್ಸ್‌ಗಿಂತ ಹೊಸ ಸಮಯ ಕಂಡ ಮೇಕ್ 'ಇದು ಆಗಿದೆ' ಎಂದು ಮುಂದೆ ಹೋಗುತ್ತದೆ. ಕೊನೆಗೆ ಆ ತುಂಡುಗಳನ್ನು ಜೋಡಿಸುವ ಲಿಂಕರ್ 'ಫೈಲ್ ನಾಟ್ ರೆಕಗ್ನೈಸ್ಡ್' ಎಂದು ಗೊಣಗುತ್ತದೆ. ಮೊದಲು ಇವನ್ನು ತೆಗೆಯಿರಿ:

ಫೈಂಡ್ . -ನೇಮ್ '*.ಒ' -ಸೈಜ್ 0 -ಡಿಲೀಟ್

ಸೊನ್ನೆ ಅಲ್ಲದಿದ್ದರೂ ಅರೆಬರೆ ಇರುವ ಫೈಲುಗಳಿರಬಹುದು. ಅದಕ್ಕೆ 'ಸೈಜ್ 0' ಜಾಗದಲ್ಲಿ 'ಎಂಮಿನ್ -40' ಹಾಕಿ ಇನ್ನೊಮ್ಮೆ ಓಡಿಸಿ, ಕಳೆದ 40 ನಿಮಿಷದಲ್ಲಿ ಬರೆದ '.ಒ' ಫೈಲುಗಳೆಲ್ಲ ಹೋಗುತ್ತವೆ. ಕರೆಂಟು ಹೋಗಿ ಅರ್ಧ ಗಂಟೆಯಾಗಿದ್ದರೆ ಈ ಲೆಕ್ಕ, ಹೆಚ್ಚಾಗಿದ್ದರೆ ಸಂಖ್ಯೆಯೂ ಹೆಚ್ಚು. ಸಿಕ್ಯಾಶ್ ಹಾಕಿಸಿದ್ದು ಇಲ್ಲಿ ಉಪಕಾರಕ್ಕೆ ಬರುತ್ತದೆ. ಅನುಮಾನ ಹೋಗದಿದ್ದರೆ 'ಮೇಕ್ ಕ್ಲೀನ್' ಮಾಡಿ ಮೊದಲಿನಿಂದ ಶುರು ಮಾಡಿದರೂ, ಹಿಂದೆ ಕಂಪೈಲ್ ಆದದ್ದು ಕ್ಯಾಶ್‌ನಿಂದಲೇ ಸರಸರ ಬರುತ್ತದೆ.

ಹಳೇ ಡೆಸ್ಕ್‌ಟಾಪಿನವರು ಮೇಕ್‌ಗೆ ಮೊದಲು ಒಮ್ಮೆ 'ಡೇಟ್' ಹೊಡೆದು ನೋಡಿ. ಬೋರ್ಡಿನ ಗುಂಡಿ ಬ್ಯಾಟರಿ ಸತ್ತಿದ್ದು, ನೆಟ್ಟೂ ಇಲ್ಲವಾದರೆ ಗಡಿಯಾರ ತಪ್ಪು ತೋರಿಸಬಹುದು. ಆಗ 'ಕ್ಲಾಕ್ ಸ್ಕ್ಯೂ ಡಿಟೆಕ್ಟೆಡ್' ಎಂಬ ಎಚ್ಚರಿಕೆ ಬರುತ್ತದೆ. ಅದನ್ನು ಕಡೆಗಣಿಸಬೇಡಿ, ಗಡಿಯಾರ ಸರಿಮಾಡಿಯೇ ಮುಂದುವರಿಯಿರಿ. ಬ್ಯಾಟರಿ ಸಿಆರ್2032, ಪೇಟೆಯ ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಕೊನೆಗೆ 'ಮೇಕ್ ಇನ್‌ಸ್ಟಾಲ್'. ಪ್ರಿಫಿಕ್ಸ್ ನಮ್ಮ ಹೋಮ್ ಒಳಗೇ ಇರುವುದರಿಂದ ಸುಡೋ ಬೇಡ. ಬಹಳಷ್ಟು ಕಡೆ ಸುಡೋ ಹಾಕಿ ಎಂದೇ ಬರೆದಿರುತ್ತಾರೆ. ಹಾಗೆ ಹಾಕಿದ್ದು ಯೂಸರ್-ಲೋಕಲ್‌ನ ಒಳಗೆಲ್ಲ ಹರಡಿಕೊಂಡರೆ ತೆಗೆಯುವಾಗ ಹುಡುಕಾಟ. ನಮ್ಮದರಲ್ಲಿ ಬಿನ್ ಫೋಲ್ಡರಿನ ಪ್ರೋಗ್ರಾಮಿಗೆ 'ಎಲ್‌ಎನ್ -ಎಸ್' ಕೊಟ್ಟು .ಲೋಕಲ್/ಬಿನ್‌ನಲ್ಲಿ ಒಂದು ಲಿಂಕ್ ಮಾಡಿ, ಹೆಸರು ಹೊಡೆದರೆ ಪ್ರೋಗ್ರಾಮು ಸಿಗಲಿ ಎಂದು. ಆ ಫೋಲ್ಡರ್ ಹೊಸದಾಗಿ ಮಾಡಿದ್ದಾದರೆ ಒಮ್ಮೆ ಲಾಗೌಟ್ ಆಗಿ ಬನ್ನಿ. ಮುಂದಿನ ಆವೃತ್ತಿಯನ್ನು ಬೇರೆ ಫೋಲ್ಡರಿಗೆ ಹಾಕಿ ಲಿಂಕ್ ಮಾತ್ರ ಬದಲಿಸಿ. ಹಳೆಯದು ಬೇಡವೆನಿಸಿದ ದಿನ ಅದರ ಫೋಲ್ಡರ್ ಅಳಿಸಿದರಾಯಿತು.