ಎರಡು ಕನ್ಸೋಲ್, ಒಂದೇ ಪ್ರೋಗ್ರಾಮರ್: ಬೇರ್ಪಡಿಸಿದ್ದು ಹೀಗೆ

ಕಾಸರಗೋಡಿನ ಬಯಲು ರಂಗಮಂಚಕ್ಕೆ ಎರಡು ಗ್ರ್ಯಾಂಡ್‌ಎಂಎ2 ಕನ್ಸೋಲ್ (ಬೆಳಕು ನಿಯಂತ್ರಿಸುವ ಯಂತ್ರ). ಒಂದರಲ್ಲಿ ಯಕ್ಷಗಾನದ ಮುಖಬೆಳಕು, ಇನ್ನೊಂದರಲ್ಲಿ ಮೂವಿಂಗ್ ಹೆಡ್ (ತಿರುಗುವ ಲೈಟುಗಳು). ಇಲ್ಲಿ ಲೈಟನ್ನು ಆಯ್ಕೆ ಮಾಡಿದರೆ ಅಲ್ಲಿಯೂ ಆಯ್ಕೆಯಾಗುತ್ತಿತ್ತು. ಅಲ್ಲಿ ಕ್ಲಿಯರ್ ಒತ್ತಿದರೆ ಇಲ್ಲಿ ಸ್ಟೋರ್ ಮಾಡದ ಕೆಲಸವೆಲ್ಲ ಮಾಯ.

ಕೇಬಲ್, ಸ್ವಿಚ್ ಬದಲಿಸಿದ್ದು ವ್ಯರ್ಥ. ಸೆಷನ್ (ಕನ್ಸೋಲ್‌ಗಳು ಒಂದೇ ಶೋ ಹಂಚಿಕೊಳ್ಳುವ ನೆಟ್‌ವರ್ಕ್ ಕೊಂಡಿ) ಬೇರೆ ಮಾಡಿದರೆ ಶೋ ಫೈಲೇ ಎರಡಾಗುತ್ತದೆ, ಅದು ದಾರಿಯೇ ಅಲ್ಲ.

ಕಾರಣ: ಎರಡೂ ಕನ್ಸೋಲ್ ಅಡ್ಮಿನಿಸ್ಟ್ರೇಟರ್ ಹೆಸರಲ್ಲೇ ಲಾಗಿನ್ ಆಗಿದ್ದವು. ಒಬ್ಬನೇ ಯೂಸರ್ ಎಂದರೆ ಪ್ರೋಗ್ರಾಮರ್ (ವ್ಯಕ್ತಿಯಲ್ಲ, ಸ್ಟೋರ್ ಮಾಡುವ ಮುನ್ನ ಕೆಲಸ ಇರುವ ತಾತ್ಕಾಲಿಕ ಜಾಗ) ಕೂಡ ಒಂದೇ.

ಮೊದಲು ಶೋ ಸೇವ್ ಮಾಡಿ. ಎರಡರ ಸಾಫ್ಟ್‌ವೇರ್ ಆವೃತ್ತಿ ಒಂದೇ ಇರಲಿ, ನೆಟ್‌ವರ್ಕ್‌ನ ಐಪಿ ವಿಳಾಸ ಬೇರೆ ಬೇರೆ (192.168.0.11, 192.168.0.12), ಸಬ್‌ನೆಟ್ ಮಾಸ್ಕ್ ಎರಡಕ್ಕೂ 255.255.255.0. ಎರಡನೆಯದನ್ನು ಅದೇ ಸೆಷನ್‌ಗೆ ಸೇರಿಸಿ. ನಂತರ ಸೆಟಪ್‌ನ ಯೂಸರ್ ಮತ್ತು ಪ್ರೊಫೈಲ್ ಪುಟದಲ್ಲಿ ಮೊದಲು ಹೊಸ ಪ್ರೊಫೈಲ್, ಆಮೇಲೆ ಅದಕ್ಕೆ ಜೋಡಿಸಿದ ಹೊಸ ಯೂಸರ್, ಹಕ್ಕು 'ಪ್ರೋಗ್ರಾಂ'. ಹಳೆಯ ಪ್ರೊಫೈಲನ್ನೇ ಕೊಟ್ಟರೆ ಒಬ್ಬರು ಬದಲಿಸಿದ ವ್ಯೂ (ಪರದೆಯ ಜೋಡಣೆ) ಇನ್ನೊಬ್ಬರ ಪರದೆಯಲ್ಲೂ ಬದಲಾಗುತ್ತದೆ. ಕೊನೆಗೆ ಎರಡನೇ ಕನ್ಸೋಲ್‌ನಲ್ಲಿ ಮಾತ್ರ ಈ ಹೆಸರಿಂದ ಲಾಗಿನ್.

ಪರೀಕ್ಷೆ: ಒಂದರಲ್ಲಿ ಫಿಕ್ಸ್ಚರ್ 1 (ಒಂದನೇ ಲೈಟ್) ಫುಲ್, ಇನ್ನೊಂದರಲ್ಲಿ ಕ್ಲಿಯರ್. ಲೈಟ್ ಆರಬಾರದು.

ಒಂದೇ ಲೈಟನ್ನು ಇಬ್ಬರೂ ಮುಟ್ಟಿದರೆ ಕೊನೆಗೆ ಕೊಟ್ಟ ಮೌಲ್ಯವೇ ಗೆಲ್ಲುತ್ತದೆ. ಲೈಟುಗಳನ್ನೂ ಸೀಕ್ವೆನ್ಸ್‌ಗಳನ್ನೂ (ಸ್ಟೋರ್ ಮಾಡಿದ ಬೆಳಕಿನ ಸರಣಿಗಳು) ಮೊದಲೇ ಹಂಚಿಕೊಳ್ಳಿ.