ಸ್ಯಾಂಪಲ್ ಸ್ಲ್ಯಾಬ್ ಬೇಕಾ? ದೊಡ್ಡ ಶೋ ಬಿಡಿ

ಗ್ರೇಡಿಂಗ್ ಕಂಪನಿಗಳು ನಾಣ್ಯದ ಗುಣಮಟ್ಟ ನೋಡಿ, ಲೇಬಲ್ ಹಾಕಿ, ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುತ್ತವೆ; ಅದೇ ಸ್ಲ್ಯಾಬ್. ಪ್ರಚಾರಕ್ಕೆ ಅಂತ ಮಾಡಿ ಹಂಚುವ ಮಾದರಿಯೇ ಸ್ಯಾಂಪಲ್ ಸ್ಲ್ಯಾಬ್. ಭಾನುವಾರದ ಸಣ್ಣ ನಾಣ್ಯ ಶೋಗಳಲ್ಲಿ ಅದು ಎಲ್ಲಿ ಸಿಗುತ್ತೆ, ದೊಡ್ಡ ಶೋ ನಡೆಯುವ ಬಾಲ್ಟಿಮೋರ್‌ಗೋ ಆರ್ಲ್ಯಾಂಡೊಗೋ ಹೋಗಬೇಕು ಅಂತ ನಾಣ್ಯದ ಗೆಳೆಯರೆಲ್ಲ ಹೇಳುತ್ತಿದ್ದರು. ಈಗ ನನ್ನ ಹತ್ತಿರ 20 ಸ್ಲ್ಯಾಬ್ ಹಿಡಿಯುವ ಪೆಟ್ಟಿಗೆಗಳು ಆರೇಳು ತುಂಬಿವೆ. ಅರ್ಧಕ್ಕಿಂತ ಜಾಸ್ತಿ ಬಂದದ್ದು ನ್ಯೂಜೆರ್ಸಿಯ ಫೈರ್‌ಹೌಸ್ (ಅಗ್ನಿಶಾಮಕ ಠಾಣೆ) ಹಾಲ್‌ಗಳಲ್ಲಿ ನಡೆಯುವ ಇಂಥ ಸಣ್ಣ ಶೋಗಳಿಂದ.

ಮೊದಲು ಆನ್‌ಲೈನ್‌ನಲ್ಲಿ ಸಾಕಷ್ಟು ದುಡ್ಡು ಸುರಿದೆ. ಲೇಬಲ್ ಮೇಲೆ ‘ಸ್ಯಾಂಪಲ್’ ಅಂತ ಇದ್ದರೆ ಸಾಕು, ‘ಅಪರೂಪ’ ಅಂತ ಸೇರಿಸಿ 40 ಡಾಲರ್ ಹೇಳುತ್ತಾರೆ. ಶಿಪ್ಪಿಂಗ್ ಬೇರೆ. ಹತ್ತರ ಲಾಟ್ ಒಂದು ತರಿಸಿದ್ದೆ. ಹೆಚ್ಚಿನವು ಒಂದೇ ಥರದ ಸ್ಟೇಟ್ ಕ್ವಾರ್ಟರ್ (ಅಮೆರಿಕದ ರಾಜ್ಯಗಳ ಹೆಸರಿನ 25 ಸೆಂಟ್ ನಾಣ್ಯ), ಎರಡರ ಮೂಲೆ ಒಡೆದಿತ್ತು. ಆಮೇಲೆ ದೊಡ್ಡ ಶೋ ಒಂದಕ್ಕೂ ಹೋದೆ. ವಿಮಾನ, ಹೋಟೆಲ್ ಸೇರಿ ಸಾವಿರ ಡಾಲರ್ ಹತ್ತಿರ ಆಯ್ತು. ಗ್ರೇಡಿಂಗ್ ಕಂಪನಿಯೊಂದರ ಟೇಬಲ್‌ನಲ್ಲಿ ಪೆನ್ನು, ಕೈಚೀಲ ಕೊಟ್ಟು, ಸ್ಯಾಂಪಲ್ ಬೆಳಿಗ್ಗೆಯೇ ಮುಗೀತು ಅಂದರು.

ವಾಪಸ್ ಬಂದು ಯೋಚಿಸಿದೆ. ಗ್ರೇಡಿಂಗ್ ಕಂಪನಿ ಎನ್‌ಜಿಸಿ ಈಗ ಫ್ಲಾರಿಡಾದ ಸರಸೋಟದಲ್ಲಿದೆ. ಆದರೆ 1987ರಲ್ಲಿ ಶುರುವಾದದ್ದು ಇಲ್ಲೇ ನಮ್ಮ ಪಾರ್ಸಿಪನಿಯಲ್ಲಿ. ಇನ್ನೊಂದು ಗ್ರೇಡಿಂಗ್ ಕಂಪನಿ ಪಿಸಿಜಿಎಸ್ ಕೆಲಸ ಶುರುಮಾಡಿದ್ದೂ ಅದರ ಹಿಂದಿನ ವರ್ಷವೇ. ಆಗ ಅಂಗಡಿ ನಡೆಸುತ್ತಿದ್ದ ಡೀಲರ್‌ಗಳಿಗೆ ಈಗ ಎಪ್ಪತ್ತು ದಾಟಿದೆ. ದೂರದ ಶೋಗೆ ಓಡಾಡಲ್ಲ, ಹತ್ತಿರದ ಹಾಲ್‌ನಲ್ಲಿ ಟೇಬಲ್ ಹಾಕುತ್ತಾರೆ. ಕಂಪನಿಗಳು ಪುಕ್ಕಟೆ ಹಂಚಿದ್ದು ಇವರ ಡ್ರಾಯರ್‌ನಲ್ಲೇ ಬಿದ್ದಿರಬೇಕು ಅಂತ ನನ್ನ ಲೆಕ್ಕ. ಬಿದ್ದಿತ್ತು.

‘ಸ್ಯಾಂಪಲ್ ಇದೆಯಾ’ ಅಂತ ಮಾತ್ರ ಕೇಳಬೇಡಿ. ಕೇಳಿದ ತಕ್ಷಣ ರೇಟು ಏರುತ್ತೆ. ನಾನು ಕಡಿಮೆ ಬೆಲೆಯ ಸ್ಲ್ಯಾಬ್‌ಗಳ ಪೆಟ್ಟಿಗೆ ಕೇಳುತ್ತೇನೆ. ಮಧ್ಯಾಹ್ನ ಎರಡರ ಮೇಲೆ, ಅವರು ಸಾಮಾನು ಕಟ್ಟುವ ಹೊತ್ತಿಗೆ ಹೋಗುತ್ತೇನೆ. ಮೊದಲು ಬೇರೆ ಏನಾದರೂ ಕೊಳ್ಳುತ್ತೇನೆ, 1964ರ ಒಂದು ಬೆಳ್ಳಿ ಡೈಮ್ (10 ಸೆಂಟ್ ನಾಣ್ಯ) ಆದರೂ ಸರಿ. ಆಮೇಲೆ ಆಡುವ ಮಾತೊಂದಿದೆ, ಅದನ್ನು ಇಲ್ಲಿ ಬರೆಯಲ್ಲ. ಅನಾಕ್ಸ್ ಅನ್ನೋ ಮತ್ತೊಂದು ಗ್ರೇಡಿಂಗ್ ಕಂಪನಿಯ ಸಣ್ಣ ಬಿಳಿ ಸ್ಯಾಂಪಲ್ ಸಿಕ್ಕಿದ್ದು ಹೀಗೇ, ಆರು ಡಾಲರ್‌ಗೆ. ಪಿಸಿಜಿಎಸ್‌ನ ಹಳೇ ಹಸಿರು ಲೇಬಲ್‌ನದನ್ನು ಒಬ್ಬ ಅಜ್ಜ ಸುಮ್ನೆ ಕೊಟ್ಟರು. ಡೀಲರ್‌ಗಳು ತಮ್ಮ ಅಂಗಡಿ ಹೆಸರು ಹಾಕಿಸಿ ಮಾಡಿಸಿಕೊಂಡ ಸ್ಯಾಂಪಲ್‌ಗಳಂತೂ ಆ ಊರಿನ ಸುತ್ತಮುತ್ತಲೇ ಸಿಗೋದು.

ಹಳೇ ಪ್ಲಾಸ್ಟಿಕ್ ಅಂದರೆ ಗೀರು ಇದ್ದೇ ಇರುತ್ತೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಗೀರು ಹೋಗಿ ಮಬ್ಬು ಉಳಿಯಿತು. ಕಾರಿನ ಹೆಡ್‌ಲೈಟ್‌ಗೆ ಹಚ್ಚುವ ಪ್ಲಾಸ್ಟಿಕ್ ಪಾಲಿಶ್, ಮೈಕ್ರೋಫೈಬರ್ ಬಟ್ಟೆ, ಐದು ನಿಮಿಷದ ಕೈಕೆಲಸ: ಲೇಬಲ್ ಫಳಫಳ. ನೀರಲ್ಲಿ ಮಾತ್ರ ಅದ್ದಬೇಡಿ, ಸ್ಲ್ಯಾಬ್ ಒಳಗೆ ಗಾಳಿಯೂ ಹೋಗುತ್ತೆ, ನೀರೂ ಹೋಗುತ್ತೆ.

ಇನ್ನೊಂದು ಪ್ರಯೋಗ ಬೇಸ್‌ಮೆಂಟ್‌ನಲ್ಲಿ ನಡೆಯಿತು. 1982ರಿಂದೀಚೆಗೆ ಸೆಂಟ್ ಒಳಗೆ ಸತು, ಮೇಲೆ ತೆಳು ತಾಮ್ರ ಅಲ್ವಾ? ಅಂಥ ಎರಡು ಸ್ಯಾಂಪಲ್ ತೆಗೆದುಕೊಂಡು ಒಂದನ್ನು ತೇವ ಹೀರುವ ಸಿಲಿಕಾ ಜೆಲ್ ಜೊತೆ ಜಿಪ್ ಕವರ್‌ನಲ್ಲಿ ಇಟ್ಟೆ, ಇನ್ನೊಂದನ್ನು ಹಾಗೇ ಬಿಟ್ಟೆ. ಬೇಸಿಗೆ ಮುಗಿಯುವಷ್ಟರಲ್ಲಿ ಬಿಟ್ಟಿದ್ದರ ಮೇಲೆ ಕಪ್ಪು ಚುಕ್ಕೆ. ಎರಡು ನಾಣ್ಯದಿಂದ ಏನೂ ಸಾಬೀತಾಗಲ್ಲ, ಗೊತ್ತು. ಆದರೂ ಸತುವಿನವನ್ನೆಲ್ಲ ಈಗ ಮೇಲಿನ ಮಹಡಿಯ ಕಪಾಟಿಗೆ ಸಾಗಿಸಿದ್ದೇನೆ.

ಸಣ್ಣ ಶೋಗಳಿಗೆ ಪೆಟ್ರೋಲ್, ಟೋಲ್ ಸೇರಿ ಇದುವರೆಗೆ ಸಾವಿರದ ನಾನೂರು ಡಾಲರ್ ಖರ್ಚಾಗಿರಬಹುದು. ಜೋಡಿ ಬಂದವನ್ನು ಮಾರಿ ಒಂಬೈನೂರು ವಾಪಸ್ ಬಂದಿದೆ. ಅವನ್ನು ಮಾರಿದ್ದು ಆನ್‌ಲೈನ್‌ನಲ್ಲೇ, 40 ಡಾಲರ್‌ನಂತೆ. ನಾನೂ ‘ಅಪರೂಪ’ ಅಂತಲೇ ಬರೆದೆ.