ಕೋರ್ಟು ಬಿಟ್ಟರೂ ವೀಸಾ ಬಿಡುವುದಿಲ್ಲ

ಜುಲೈ ಬಂತೆಂದರೆ ಬಸವನಗುಡಿಯ ನಮ್ಮ ಮನೆಗೆ ಅಮೆರಿಕಕ್ಕೆ ಎಂಎಸ್, ಪಿಎಚ್‌ಡಿ ಓದಲು ಹೊರಟ ಹುಡುಗ ಹುಡುಗಿಯರು ಬರುತ್ತಾರೆ, ಜೊತೆಗೆ ಅಪ್ಪ ಅಮ್ಮ. ಕುಕ್ಕರ್ ಒಯ್ಯಬೇಕೇ, ಸಾರಿನ ಪುಡಿ ಬಿಡುತ್ತಾರೆಯೇ ಎಂದು ಕೇಳುತ್ತಾರೆ. ಅದೆಲ್ಲ ನಿಮಗೆ ಗೊತ್ತಿರುವುದೇ. ಕುಡಿತ, ಗಾಂಜಾದ ಬಗ್ಗೆ ಯಾರೂ ಕೇಳುವುದಿಲ್ಲ. ಅಮ್ಮ ಪಕ್ಕದಲ್ಲೇ ಕುಳಿತು ಕಾಫಿ ಕುಡಿಯುತ್ತಿರುವಾಗ ಕೇಳುವುದಾದರೂ ಹೇಗೆ? ವರ್ಷ ಕಳೆದ ಮೇಲೆ ನಡುರಾತ್ರಿ ವಾಟ್ಸಾಪ್ ಸಂದೇಶ ಬರುತ್ತದೆ: "ಅಣ್ಣ, ಕೋರ್ಟಿನಲ್ಲಿ ದಂಡ ಕಟ್ಟಿದೆ. ಮುಗಿಯಿತಲ್ಲವೇ?"

ಮುಗಿದಿರುವುದಿಲ್ಲ. ನನ್ನದೂ ಮುಗಿದಿರಲಿಲ್ಲ.

ಅಮೆರಿಕದಲ್ಲಿ ನಾನು ಓದಿದ ವಿಭಾಗದಲ್ಲಿ ಪ್ರತಿ ಶುಕ್ರವಾರ ಸಂಜೆ ಪ್ರಾಧ್ಯಾಪಕರೂ ವಿದ್ಯಾರ್ಥಿಗಳೂ ಒಟ್ಟಿಗೆ ಕುಳಿತು ಬಿಯರ್ ಕುಡಿಯುವ ರೂಢಿಯಿತ್ತು. ಗೈಡೇ ಲೋಟ ತುಂಬಿಸಿ ಕೊಟ್ಟ ಮೇಲೆ ಇದರಲ್ಲಿ ತಪ್ಪೇನು ಎಂದುಕೊಂಡೆ. ಮೂರು ದೊಡ್ಡ ಲೋಟ. ಮನೆ ಎರಡೇ ಮೈಲಿ. ಹೆಡ್‌ಲೈಟ್ ಹಾಕಲು ಮರೆತಿದ್ದೆ. ಪೊಲೀಸ್ ಕಾರು ಹಿಂದೆ ಬಂತು. ಬಿಳಿ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಒಂಬತ್ತು ಹೆಜ್ಜೆ ನಡೆ, ಗಟ್ಟಿಯಾಗಿ ಎಣಿಸು ಎಂದರು. ಗಾಬರಿಗೆ "ಒಂದು, ಎರಡು" ಎಂದು ಕನ್ನಡದಲ್ಲೇ ಶುರು ಮಾಡಿದೆ. ಅಧಿಕಾರಿ ನಗಲಿಲ್ಲ. ಊದಿಸಿದ ಯಂತ್ರ ರಕ್ತದಲ್ಲಿ ಮದ್ಯ ಶೇ 0.09 ಎಂದು ತೋರಿಸಿತು. ಮಿತಿ 0.08.

ಬೆಂಗಳೂರಿನಲ್ಲಿ ಬೆಳೆದವರಿಗೆ ಇದು ಸಣ್ಣ ವಿಷಯ. ನಮ್ಮಲ್ಲಿ ಮಿತಿ ಇನ್ನೂ ಬಿಗಿ: 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ 80, ಅಂದರೆ ಅದೇ 0.08. ನಮ್ಮ ಮಿತಿಯೇ ಸರಿ ಎನ್ನುವವನು ನಾನು. ಆದರೆ ಇಲ್ಲಿ ಊದಿ ಸಿಕ್ಕಿಬಿದ್ದ ಹೆಚ್ಚಿನವರು ಹತ್ತು ಸಾವಿರ ದಂಡ ಕಟ್ಟಿ, ಗಾಡಿ ಬಿಡಿಸಿಕೊಂಡು, ವಾರದೊಳಗೆ ಅದನ್ನೇ ತಮಾಷೆಯಾಗಿ ಹೇಳಿಕೊಂಡು ತಿರುಗುತ್ತಾರೆ. ಅದೇ ಲೆಕ್ಕ ಹಿಡಿದು ನಾನೂ ವಕೀಲರಿಗೆ ನಾಲ್ಕೂವರೆ ಸಾವಿರ ಡಾಲರ್ ಸುರಿದೆ. ಆರೋಪ 'ಅಜಾಗರೂಕ ಚಾಲನೆ'ಗೆ ಇಳಿಯಿತು. ಗೆದ್ದೆ ಎಂದು ಗೆಳೆಯರಿಗೆ ಬಿರಿಯಾನಿ ಕೊಡಿಸಿದೆ.

ಅದಾಗಿ ಹತ್ತು ದಿನಕ್ಕೆ ದೂತಾವಾಸದಿಂದ ಇಮೇಲ್ ಬಂತು, ವೀಸಾ ರದ್ದು ಎಂದು. ಅಲ್ಲಿಯ ವಿದೇಶಾಂಗ ಇಲಾಖೆಗೆ ಕೋರ್ಟಿನ ತೀರ್ಪು ಬೇಕಿಲ್ಲ, ಕುಡಿದು ಓಡಿಸಿದ್ದಕ್ಕೆ ಬಂಧನವಾಗಿದ್ದರೆ ಸಾಕು. ಬೆರಳಚ್ಚು ಕೊಟ್ಟ ಕ್ಷಣದಿಂದ ಅದು ಇನ್ನೊಂದು ಕಚೇರಿಯ ಕಡತವೂ ಹೌದು. ವೀಸಾ ರದ್ದಾದರೂ ಸಾಮಾನ್ಯವಾಗಿ ಓದು ಮುಂದುವರಿಸಬಹುದು, ಆದರೆ ದೇಶ ಬಿಟ್ಟರೆ ಹೊಸ ವೀಸಾ ಇಲ್ಲದೆ ವಾಪಸು ಬರುವಂತಿಲ್ಲ. ಈಗ ಆ 'ಸಾಮಾನ್ಯವಾಗಿ'ಯನ್ನೂ ಪೂರ್ತಿ ನಂಬಬೇಡಿ. 2025ರ ಏಪ್ರಿಲ್‌ನಲ್ಲಿ ಪೊಲೀಸ್ ದಾಖಲೆಯ ನೆಪದಲ್ಲೇ ಸಾವಿರಾರು ವಿದ್ಯಾರ್ಥಿಗಳ ಸೆವಿಸ್ ದಾಖಲೆ (ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಅಲ್ಲಿನ ಸರ್ಕಾರ ಇಡುವ ದಾಖಲೆ) ಕೊನೆಗೊಳಿಸಿದ್ದರು. ನ್ಯಾಯಾಲಯಗಳು ತಡೆದ ಮೇಲೆ ಮರಳಿ ಕೊಟ್ಟರು. ತಂಗಿಯ ಧಾರೆಯನ್ನು ನಾನು ರಾತ್ರಿ ಹತ್ತು ಗಂಟೆಗೆ ಲ್ಯಾಬಿನಲ್ಲಿ ಕುಳಿತು ಮೊಬೈಲಿನಲ್ಲಿ ನೋಡಿದೆ. ಯಾರೋ ಫೋನನ್ನು ಹೂವಿನ ತಟ್ಟೆಗೆ ಒರಗಿಸಿಟ್ಟಿದ್ದರು. ಅರ್ಧ ಹೊತ್ತು ಕಾಣಿಸಿದ್ದು ಪುರೋಹಿತರ ಮೊಣಕೈ.

ಎರಡು ವರ್ಷದ ಮೇಲೆ ಊರಿಗೆ ಬಂದು ಹೊಸ ವೀಸಾಕ್ಕೆ ನಿಂತೆ. ಐದು ವರ್ಷದೊಳಗೆ ಕುಡಿತದ ಒಂದು ಬಂಧನವಿದ್ದರೂ ಅವರೇ ಸೂಚಿಸಿದ ವೈದ್ಯರ ಬಳಿ ತಪಾಸಣೆಗೆ ಕಳಿಸುತ್ತಾರೆ. ಏಳು ವಾರ ಹಿಡಿಯಿತು. ಅಲ್ಲಿ ಸ್ಟೈಪೆಂಡ್ ನಿಂತಿತ್ತು, ಬಾಡಿಗೆ ಓಡುತ್ತಿತ್ತು. ಇನ್ನೊಂದು ಮಾತು: ಅರ್ಜಿಯಲ್ಲಿ 'ಎಂದಾದರೂ ಬಂಧನವಾಗಿದೆಯೇ' ಎಂಬ ಪ್ರಶ್ನೆಗೆ, ಕೇಸು ವಜಾ ಆಗಿದ್ದರೂ ಉತ್ತರ 'ಹೌದು' ಎಂದೇ. ಬಂಧನಕ್ಕಿಂತ ಸುಳ್ಳು ದುಬಾರಿ.

ಗಾಂಜಾದಲ್ಲಿ ಇದೇ ಬಲೆ ಇನ್ನೂ ನಯವಾಗಿದೆ. ಹಲವು ರಾಜ್ಯಗಳಲ್ಲಿ 21 ದಾಟಿದವರಿಗೆ ಅಂಗಡಿಯಲ್ಲೇ ಮಾರುತ್ತಾರೆ. ಆದರೆ ವೀಸಾ ನೋಡುವುದು ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕಾನೂನು. ಅದರಲ್ಲಿ ಗಾಂಜಾ ಇನ್ನೂ ನಿಯಂತ್ರಿತ ಪದಾರ್ಥ. ಫೆಡರಲ್ ಹಣ ಪಡೆಯುವ ವಿಶ್ವವಿದ್ಯಾಲಯಗಳೂ ಕ್ಯಾಂಪಸ್ಸಿನಲ್ಲಿ ಬಿಡುವುದಿಲ್ಲ. ಸಿಕ್ಕಿಬಿದ್ದರೆ ವಕೀಲರು "ತಪ್ಪೊಪ್ಪಿಕೊಳ್ಳಿ, ಆರು ತಿಂಗಳು ಮಾದಕವಸ್ತು ತಿಳಿವಳಿಕೆಯ ತರಗತಿಗೆ ಹೋಗಿ, ಕೇಸು ವಜಾ" ಎನ್ನಬಹುದು. ಅಮೆರಿಕನ್ನನಿಗೆ ಅದು ಒಳ್ಳೆಯ ಸಲಹೆ. ನಿಮಗಲ್ಲ! ತಪ್ಪೊಪ್ಪಿಗೆಯ ಜೊತೆ ಅಂಥ ಷರತ್ತು ಸೇರಿದರೆ ವಲಸೆ ಕಾನೂನು ಅದನ್ನು ಅಪರಾಧ ಸಾಬೀತಾದಂತೆಯೇ ಎಣಿಸುತ್ತದೆ. ಸ್ವಂತ ಬಳಕೆಗೆ 30 ಗ್ರಾಂ ಒಳಗೆ ಇಟ್ಟುಕೊಂಡ ಒಂದು ಪ್ರಕರಣಕ್ಕೆ ಗಡೀಪಾರಿನಿಂದ ವಿನಾಯಿತಿಯುಂಟು, ಮತ್ತೆ ಒಳಗೆ ಬರುವಾಗ ಅದು ಕೈಹಿಡಿಯುವುದಿಲ್ಲ. ಗಡೀಪಾರಿನ ಅಪಾಯವಿದ್ದರೆ ತಿಳಿಸುವುದು ವಕೀಲರ ಕರ್ತವ್ಯವೆಂದು ಅಲ್ಲಿನ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಸಹಿ ಹಾಕುವ ಮೊದಲು ಕೇಳಿ, ಇನ್ನೊಬ್ಬ ವಲಸೆ ವಕೀಲರನ್ನೂ ಕೇಳಿ.

ಪರೀಕ್ಷೆಯ ಸಮಯದಲ್ಲಿ "ಏಕಾಗ್ರತೆಗೆ" ಎಂದು ರೂಮ್‌ಮೇಟ್ ಕೊಡುವ ಮಾತ್ರೆ ಬೇಡ. ಬೇರೆಯವರ ಚೀಟಿಯ ಔಷಧ ನುಂಗುವುದೂ ಅಪರಾಧ; ನಕಲಿ ಮಾತ್ರೆಯಾದರೆ ಅದರಲ್ಲಿ ಜೀವ ತೆಗೆಯಬಲ್ಲ ಫೆಂಟನಿಲ್ ಎಂಬ ಮಾದಕ ಇರಬಹುದು.

ಬೈದದ್ದು ಸಾಕು. ಒಂದು ವಿಷಯದಲ್ಲಿ ಅವರೇ ಮೇಲು. ಇಲ್ಲಿ ನಾನಿದ್ದ ಹಾಸ್ಟೆಲಿನಲ್ಲಿ ಕುಡಿದು ಬಿದ್ದವನನ್ನು ವಾರ್ಡನ್‌ಗೆ ಹೆದರಿ ಹೊದಿಕೆ ಹೊದಿಸಿ ಅಡಗಿಸುತ್ತಿದ್ದೆವು. ಬೆಳಿಗ್ಗೆಯವರೆಗೆ ಉಸಿರಿದೆಯೋ ಇಲ್ಲವೋ ಎಂದು ಸರದಿಯಲ್ಲಿ ನೋಡುವುದು. ಅಲ್ಲಿ ಹಲವು ವಿಶ್ವವಿದ್ಯಾಲಯಗಳಲ್ಲಿ, ಸ್ನೇಹಿತನಿಗಾಗಿ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದವನ ಮೇಲೂ ಬಿದ್ದವನ ಮೇಲೂ ಶಿಸ್ತುಕ್ರಮ ಕೈಬಿಡುವ ನಿಯಮವಿದೆ. ಅಫೀಮು ಬಗೆಯ ಮಾದಕ ಮಿತಿಮೀರಿದಾಗ ಉಸಿರು ಮರಳಿಸುವ ನಲಾಕ್ಸೋನ್ ಮೂಗಿನ ಸ್ಪ್ರೇ 2023ರಿಂದ ಚೀಟಿಯಿಲ್ಲದೆ ಸಿಗುತ್ತದೆ. ಕ್ಯಾಂಪಸ್ಸಿನ ಆಪ್ತಸಮಾಲೋಚಕರಿಗೆ ಹೇಳಿದ ಮಾತು, ಜೀವಕ್ಕೆ ಅಪಾಯವಿದ್ದ ಹೊರತು, ಗೈಡ್ ಕಿವಿಗೆ ಹೋಗುವುದಿಲ್ಲ. ನಾನು ಹೋದದ್ದು ಪೊಲೀಸ್ ಕಾರಿನ ನಂತರ; ಮೊದಲೇ ಹೋಗಬಹುದಿತ್ತು.

ಆ ಆಪ್ತಸಮಾಲೋಚಕರ ನಂಬರ್ ಎಲ್ಲಿದೆ ಎಂದು ಕೇಳಿದರೆ, ನಿಮ್ಮ ಇನ್‌ಬಾಕ್ಸಿನಲ್ಲೇ. ಮಾದಕವಸ್ತು ಮತ್ತು ಮದ್ಯದ ನೀತಿಯನ್ನು ವರ್ಷಕ್ಕೊಮ್ಮೆ ಪ್ರತಿ ವಿದ್ಯಾರ್ಥಿಗೂ ಕಳಿಸಬೇಕೆಂದು 1989ರ ಕಾನೂನೇ ಇದೆ. ನಾನು ಐದು ವರ್ಷ ಓದದೆ ಅಳಿಸಿದ ಇಮೇಲ್ ಅದು. ನಿಮ್ಮದನ್ನು ಇವತ್ತು ಹುಡುಕಿ, ನಂಬರನ್ನು ಫೋನಿಗೆ ಹಾಕಿಕೊಳ್ಳಿ. ಶುಕ್ರವಾರ ಕಾರನ್ನು ಮನೆಯಲ್ಲೇ ಬಿಡಿ.